ಪಟ್ಟಿ ಕಟ್ಟುವ ಕೈಗಳಿಗೆ ತರಬೇತಿ: ನಿಮ್ಮ ದೇಣಿಗೆ ಬೇಕು

ಆತ್ಮೀಯರೇ, ನಮಸ್ಕಾರ.

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ದುಡಿಯುವ ನರ್ಸ್‌ಗಳು, ಸಮುದಾಯ ಆರೋಗ್ಯ ಅಧಿಕಾರಿಗಳು ಮತ್ತು ಆಶಾ ಕಾರ್ಯಕರ್ತೆಯರಿಗೆ ಗಾಯದ ಆರೈಕೆ ಕಲಿಸಲು ನಮ್ಮ ಟ್ರಸ್ಟ್ ಹೊರಟಿದೆ. ಇದಕ್ಕೆ ನಿಮ್ಮ ನೆರವು ಕೇಳುತ್ತಿದ್ದೇವೆ. ಹಣ ಕೇಳುವವರು ಕಾರಣವನ್ನೂ ಸರಿಯಾಗಿ ಹೇಳಬೇಕು, ಅಲ್ವಾ? ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಕಬ್ಬಿನ ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡುವಾಗ ಕೂಳೆ ಚುಚ್ಚುವುದು ನಮ್ಮ ಕಡೆ ಹೊಸದೇನಲ್ಲ. ಆರೋಗ್ಯವಾಗಿರುವವರಿಗೆ ಅದು ನಾಲ್ಕು ದಿನದ ನೋವು. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಎಷ್ಟೋ ಜನರ ಪಾದ ಜೋಮು ಹಿಡಿದಂತಾಗಿ ಸ್ಪರ್ಶವೇ ಹೋಗಿರುತ್ತದೆ. ಚುಚ್ಚಿದ್ದು ಗೊತ್ತಾಗುವುದಿಲ್ಲ. ಚಪ್ಪಲಿಯೊಳಗೆ ಕಲ್ಲು ಸೇರಿಕೊಂಡರೂ ಸಂಜೆತನಕ ತುಳಿಯುತ್ತಲೇ ಇರುತ್ತಾರೆ. ನೋವಿಲ್ಲದ ಗಾಯವನ್ನು ಯಾರು ತೋರಿಸುತ್ತಾರೆ? ಅರಿಶಿನವನ್ನೋ ಕಾಫಿ ಪುಡಿಯನ್ನೋ ಮೆತ್ತಿ ಸುಮ್ಮನಾಗುತ್ತಾರೆ. ವಾಸನೆ ಬರತೊಡಗಿದ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಅಷ್ಟರಲ್ಲಿ ಬೆರಳು ಕಪ್ಪಾಗಿದ್ದರೆ ಕತ್ತರಿಸದೆ ಬೇರೆ ದಾರಿ ಇರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ. ಆ ಜನರಲ್ಲಿ ನಮ್ಮ ಊರಿನ ಅಜ್ಜಿಯರೂ ಇದ್ದಾರೆ, ಕೂಲಿಗೆ ಹೋಗುವ ನಲವತ್ತರ ಪ್ರಾಯದವರೂ ಇದ್ದಾರೆ.

ಇಂಥ ಗಾಯವನ್ನು ವಾರಕ್ಕೆ ಎರಡು ಮೂರು ಸಲ ನೋಡುವವರು ಯಾರು? ಸರ್ಜನ್ ಅಲ್ಲ. ಉಪಕೇಂದ್ರದ ಸಿಬ್ಬಂದಿ, ಊರಿನ ಆಶಾ ಅಕ್ಕ, ಮನೆಯ ಸೊಸೆ. ಕಾಲು ಉಳಿಯುವುದೋ ಹೋಗುವುದೋ ಜಾಸ್ತಿ ತೀರ್ಮಾನವಾಗುವುದು ಇವರ ಕೈಯಲ್ಲೇ. ಆದರೆ ಗಾಯದ ಬಗ್ಗೆ ಒಳ್ಳೆಯ ಕೋರ್ಸ್‌ಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲಿವೆ, ದೊಡ್ಡ ಊರುಗಳಲ್ಲಿವೆ. ಇವರ ಹತ್ತಿರಕ್ಕೆ ಬರುವುದಿಲ್ಲ.

ಹಾಗಾಗಿ ಹಳೆಯ ಪದ್ಧತಿಯೇ ನಡೆದುಕೊಂಡು ಬಂದಿದೆ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಸುರಿದು ಗಾಯ ತೊಳೆಯುತ್ತಾರೆ. ಅದು ರೋಗಾಣುವಿನ ಜೊತೆಗೆ ಹೊಸದಾಗಿ ಹುಟ್ಟುವ ಜೀವಕೋಶಗಳನ್ನೂ ಸುಡುತ್ತದೆ. ಒಣ ಗಾಜ್ ಬಟ್ಟೆ ಇಟ್ಟು ಕಟ್ಟುತ್ತಾರೆ. ಮರುದಿನ ಅಂಟಿಕೊಂಡ ಬಟ್ಟೆಯನ್ನು ಎಳೆದಾಗ ಆಗಷ್ಟೇ ಮೂಡಿದ ಕೆಂಪು ಮಾಂಸವೂ ಕಿತ್ತು ಬರುತ್ತದೆ. ಅವರನ್ನು ನಾವು ದೂರುತ್ತಿಲ್ಲ. ಕಲಿಸಿದ್ದನ್ನೇ ಶ್ರದ್ಧೆಯಿಂದ ಮಾಡುತ್ತಿದ್ದಾರೆ.

ಗಾಯ ಒಣಗಿದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಎಲ್ಲ ಕಡೆ ಇತ್ತು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕರು ಹಂದಿಗಳ ಮೇಲೆ ಪ್ರಯೋಗ ಮಾಡಿ, ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಚರ್ಮ ಸುಮಾರು ಎರಡು ಪಟ್ಟು ಬೇಗ ಬೆಳೆಯುವುದನ್ನು ತೋರಿಸಿದರು. ಅದಕ್ಕೂ ಮೊದಲೇ ನಮ್ಮ ಪಕ್ಕದ ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಇನ್ನೊಂದು ದೊಡ್ಡ ವಿಷಯ ಕಂಡುಕೊಂಡಿದ್ದರು. ಕುಷ್ಠರೋಗಿಗಳ ಕೈಕಾಲು ತಾನಾಗಿ ಕೊಳೆಯುವುದಿಲ್ಲ, ನೋವು ತಿಳಿಯದೆ ಮತ್ತೆ ಮತ್ತೆ ಪೆಟ್ಟಾಗುವುದರಿಂದ ಹಾಳಾಗುತ್ತದೆ ಎಂದು. ಸಕ್ಕರೆ ಕಾಯಿಲೆಯ ಪಾದದ ಕಥೆಯೂ ಅದೇ. ಎಷ್ಟೇ ದುಬಾರಿ ಮುಲಾಮು ಹಚ್ಚಿದರೂ ಗಾಯದ ಮೇಲೆ ಭಾರ ಬೀಳುತ್ತಿದ್ದರೆ ಅದು ವಾಸಿಯಾಗದು. ಆದರೆ ದಿನಗೂಲಿಯವರಿಗೆ "ಕಾಲು ಊರಬೇಡಿ" ಅಂದರೆ ಹೊಟ್ಟೆಪಾಡು? ಅದಕ್ಕೇ ನಡೆದಾಡಿದರೂ ಗಾಯದ ಮೇಲೆ ಭಾರ ಬೀಳದಂತೆ ಫೆಲ್ಟ್ (ದಪ್ಪ ಮೆತ್ತನೆಯ ಬಟ್ಟೆ) ಕತ್ತರಿಸಿ ಗಾಯದ ಸುತ್ತ ಅಂಟಿಸುವುದು, ಎಂಸಿಆರ್ ಎಂಬ ಮೆದು ರಬ್ಬರಿನ ಮೆತ್ತೆಯ ಚಪ್ಪಲಿ ಹೊಂದಿಸುವುದು, ಯಾವ ಗಾಯಕ್ಕೆ ಪ್ಲಾಸ್ಟರ್ ಹಾಕಿಸಲು ಕಳಿಸಬೇಕು ಅನ್ನುವುದು ನಮ್ಮ ಪಾಠದಲ್ಲಿ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತವೆ.

ಮೂರು ದಿನದ ತರಬೇತಿ, ಪೂರ್ತಿ ಕನ್ನಡದಲ್ಲಿ. ಪಾದದ ನಾಡಿ ಬೆರಳಲ್ಲಿ ಮುಟ್ಟಿ ನೋಡುವುದನ್ನು ಒಬ್ಬರ ಕಾಲ ಮೇಲೆ ಇನ್ನೊಬ್ಬರು ಅಭ್ಯಾಸ ಮಾಡುತ್ತಾರೆ. ಗಾಳದ ದಾರದಂಥ ನೈಲಾನ್ ಎಳೆಯೊಂದಿದೆ, ಮಾನೊಫಿಲಮೆಂಟ್ ಅಂತ. 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. ಅದು ತಾಗಿದ್ದು ಗೊತ್ತಾಗದಿದ್ದರೆ ಆ ಪಾದ ಅಪಾಯದಲ್ಲಿದೆ ಎಂದರ್ಥ. ಗಾಯ ಆಗುವ ಮೊದಲೇ ಹಿಡಿಯುವ ಪರೀಕ್ಷೆ ಇದು, ಎರಡು ನಿಮಿಷದ ಕೆಲಸ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿದರೆ ಗಾಯ ತೊಳೆಯುವ ಸಲೈನ್ ಮನೆಯಲ್ಲೇ ಸಿದ್ಧ, ಅದನ್ನೂ ಮಾಡಿಸುತ್ತೇವೆ. ಗಾಯವನ್ನು ವಾರಕ್ಕೊಮ್ಮೆ ಅಳೆದು ಬರೆದಿಡಬೇಕು. ನಾಲ್ಕು ವಾರದಲ್ಲಿ ಅರ್ಧದಷ್ಟೂ ಕುಗ್ಗದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಜ್ವರ, ಹರಡುವ ಕೆಂಪು, ಕಪ್ಪು ಬಣ್ಣ ಕಂಡರೆ ಅದೇ ದಿನ. ಹಾಸಿಗೆ ಹಿಡಿದವರ ಹುಣ್ಣು, ಸುಟ್ಟ ಗಾಯಗಳಿಗೂ ಒಂದು ದಿನ ಮೀಸಲು.

ತರಬೇತಿ ಮುಗಿದ ಮೇಲೆ ಆರು ತಿಂಗಳು, ಗಾಯದ ಆರೈಕೆಯಲ್ಲಿ ಅನುಭವವಿರುವ ನರ್ಸ್ ಒಬ್ಬರು ತಿಂಗಳಿಗೊಮ್ಮೆ ಅವರ ಊರಿಗೇ ಹೋಗಿ ಜೊತೆಯಲ್ಲಿ ನಿಂತು ಕೆಲಸ ಮಾಡುತ್ತಾರೆ. ನಮ್ಮ ಪ್ರಕಾರ ಇದೇ ಮುಖ್ಯ. ಮೂರು ದಿನ ಕೇಳಿದ್ದು ಮರೆಯುತ್ತದೆ, ಕೈಗೆ ಬಂದಿದ್ದು ಮರೆಯುವುದಿಲ್ಲ.

ಒಬ್ಬರ ಪೂರ್ತಿ ತರಬೇತಿಗೆ ನಾವು ಹಾಕಿಕೊಂಡ ಲೆಕ್ಕ 6,000 ರೂಪಾಯಿ. ಊಟ, ವಸತಿ, ಕನ್ನಡ ಕೈಪಿಡಿ, ಆರು ತಿಂಗಳ ಭೇಟಿ ಎಲ್ಲ ಸೇರಿ. ಆಶಾ ಕಾರ್ಯಕರ್ತೆಯರು ತರಬೇತಿಗೆ ಬಂದರೆ ಆ ದಿನದ ಆದಾಯಕ್ಕೆ ಪೆಟ್ಟು ಬೀಳುತ್ತದೆ, ಅದನ್ನು ತುಂಬಿಕೊಡುವ ಹಣವೂ ಇದರಲ್ಲೇ ಇದೆ. ಮಾನೊಫಿಲಮೆಂಟ್, ಫೆಲ್ಟ್, ಡ್ರೆಸ್ಸಿಂಗ್ ಸಾಮಾನು ಇರುವ ಚೀಲಕ್ಕೆ ಬೇರೆಯಾಗಿ 1,500. ಅಷ್ಟಾಗದವರು 100 ರೂಪಾಯಿ ಕೊಟ್ಟರೂ ರಶೀದಿ ಕೊಡುತ್ತೇವೆ, ಸಂತೋಷದಿಂದ ತೆಗೆದುಕೊಳ್ಳುತ್ತೇವೆ.

ಚೆಕ್, ಬ್ಯಾಂಕ್ ವರ್ಗಾವಣೆ, ಯುಪಿಐ ಯಾವುದಾದರೂ ಸರಿ. ತೆರಿಗೆ ವಿನಾಯಿತಿ ಬೇಕಿದ್ದರೆ 2,000 ರೂಪಾಯಿ ಮೀರಿದ ಮೊತ್ತವನ್ನು ನಗದಾಗಿ ಕೊಡಬೇಡಿ. ಭಾರತದ ಪಾಸ್‌ಪೋರ್ಟ್ ಇರುವ ಹೊರದೇಶದ ಕನ್ನಡಿಗರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ ಸದ್ಯಕ್ಕೆ ಪಡೆಯಲಾಗದು, ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗಿನ್ನೂ ಇಲ್ಲ. ಮನೆಯಲ್ಲಿ ಉಳಿದ ಮಾತ್ರೆ, ತೆರೆದ ಬ್ಯಾಂಡೇಜು ದಯವಿಟ್ಟು ಕಳಿಸಬೇಡಿ.

ಶಿವರಾತ್ರಿಗೆ ನಮ್ಮ ಜಿಲ್ಲೆಯಿಂದ ಬಹಳ ಜನ ಮಲೆ ಮಹದೇಶ್ವರ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದು ಹೋಗುತ್ತಾರೆ. ಭಕ್ತಿಯನ್ನು ಯಾರೂ ತಡೆಯಬಾರದು. ಆದರೆ ಸ್ಪರ್ಶ ಹೋದ ಪಾದಕ್ಕೆ ಕಾದ ಡಾಂಬರಿನಲ್ಲಿ ಬೊಬ್ಬೆ ಎದ್ದರೆ ತಿಳಿಯುವುದಿಲ್ಲ. ಹೊರಡುವ ಮೊದಲೇ ಅವರ ಪಾದ ಪರೀಕ್ಷೆ ಆಗಬೇಕು, ದಾರಿಯಲ್ಲಿ ನೋಡುವವರೂ ಇರಬೇಕು. ಆದ್ದರಿಂದ 30 ಜನರ ಮೊದಲ ತಂಡವನ್ನು ಈ ಶಿವರಾತ್ರಿಗೆ ಮುಂಚೆಯೇ ತಯಾರು ಮಾಡಬೇಕೆಂದಿದ್ದೇವೆ. ತರಬೇತಿ ನೋಡಲು ದಾನಿಗಳು ಯಾವ ದಿನ ಬೇಕಾದರೂ ಬರಬಹುದು. ಖರ್ಚಿನ ಲೆಕ್ಕವನ್ನು ತಂಡದ ತರಬೇತಿ ಮುಗಿದ ಕೂಡಲೇ ಎಲ್ಲರಿಗೂ ಕಳಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಟ್ರಸ್ಟಿನ ಸದಸ್ಯರು