ಗಾಜಿನಲ್ಲಿ ನೀರು ಕುಣಿಯಬೇಕು

ವಿಜಯಪುರ

ಚಿರಂಜೀವಿ ಮೊಮ್ಮಗನಿಗೆ ಅಜ್ಜನ ಆಶೀರ್ವಾದ.

ಇಲ್ಲಿ ಎಲ್ಲರೂ ಆರಾಮ. ನಿನ್ನ ಅಜ್ಜಿಯ ಮೊಣಕಾಲು ಮಾತ್ರ ಚಳಿ ಶುರುವಾದಾಗಿನಿಂದ ಹಟ ಹಿಡಿದಿದೆ. ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ನಿನಗೆ ಕೆಲಸ ಸಿಕ್ಕಿತು ಅಂತ ಗೊತ್ತಾದ ದಿನ ಅದೇ ಮೊಣಕಾಲಲ್ಲಿ ಓಣಿ ತುಂಬ ಓಡಾಡಿ ಸಕ್ಕರೆ ಹಂಚಿ ಬಂದಳು. ನನಗೂ ಖುಷಿಯಾಯಿತು. ಆದರೆ ಮೊನ್ನೆ ಫೋನಿನಲ್ಲಿ ನೀನು ಒಂದು ಮಾತು ಅಂದೆ: "ಕೆಲಸ ಏನೂ ಇಲ್ಲ ಅಜ್ಜಾ, ಎಲ್ಲಾ ಸ್ಕ್ರೀನ್ ಮ್ಯಾಲೆ ಬರ್ತದ. ಸುಮ್ನೆ ಕುಂತು ನೋಡೋದು." ಆ ಮಾತು ಕೇಳಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಫೋನಿನಲ್ಲಿ ಹೇಳಿದರೆ ನೀನು "ಹೂಂ ಹೂಂ" ಅಂದು ಮುಗಿಸುತ್ತೀ. ಅದಕ್ಕೇ ಬರೆಯಲು ಕೂತೆ.

ನಾನು 1971ರಲ್ಲಿ ರೈಲ್ವೆಯ ಉಗಿ ಎಂಜಿನ್ ಶೆಡ್ ಸೇರಿದಾಗ ಕ್ಲೀನರ್. ಕೈಯಲ್ಲಿ ಹತ್ತಿ ಚಿಂದಿ, ಮೈತುಂಬ ಎಣ್ಣೆ. ಆಮೇಲೆ ಎಂಜಿನ್ನಿನ ಬೆಂಕಿ, ನೀರು ನೋಡಿಕೊಳ್ಳುವ ಸೆಕೆಂಡ್ ಫೈರ್‌ಮನ್, ಫಸ್ಟ್ ಫೈರ್‌ಮನ್. ಆಗ ಹೋಟಗಿಯಿಂದ ಗದಗಿನವರೆಗೆ ಮೀಟರ್ ಗೇಜ್. ಪ್ಯಾಸೆಂಜರ್ ಗಾಡಿಗೆ ವೈಪಿ ಎಂಜಿನ್, ಗೂಡ್ಸಿಗೆ ವೈಜಿ. ಜನರ ಕಣ್ಣಿಗೆ ಎಂಜಿನ್ ಅಂದರೆ ಚಕ್ರ, ರಾಡು, ಸೀಟಿ. ನಮಗೆ ಎಂಜಿನ್ ಅಂದರೆ ಬಾಯ್ಲರ್. ಉಳಿದದ್ದೆಲ್ಲ ಅದರ ಕೈಕಾಲು.

ಹಿಂದೆ, ನಾವು ನಿಲ್ಲುವ ಕಡೆ, ಬೆಂಕಿಯ ಪೆಟ್ಟಿಗೆ. ಅದರ ಮುಂದೆ ಉದ್ದನೆಯ ದುಂಡು ಪೀಪಾಯಿ, ಒಳಗೆ ನೀರು. ಆ ನೀರಿನ ನಡುವೆ ಸಾಲಾಗಿ ಕೊಳವೆಗಳು. ಬೆಂಕಿಯ ಝಳ ಆ ಕೊಳವೆಗಳಲ್ಲಿ ನುಗ್ಗಿ ಮುಂದಿನ ಸ್ಮೋಕ್‌ಬಾಕ್ಸ್ ಸೇರುತ್ತದೆ. ಹೋಗುವ ದಾರಿಯಲ್ಲಿ ನೀರನ್ನು ಕಾಯಿಸುತ್ತದೆ. ನಿಮ್ಮಲ್ಲಿ ಇದು ಉಲ್ಟಾ, ಕೊಳವೆಯೊಳಗೆ ನೀರು, ಹೊರಗೆ ಬೆಂಕಿ. ನಮ್ಮದು ಚದರ ಇಂಚಿಗೆ 210 ಪೌಂಡ್ ಒತ್ತಡ. ನೀವು ಹೇಳುವ ಲೆಕ್ಕದಲ್ಲಿ ಚದರ ಸೆಂಟಿಮೀಟರಿಗೆ 15 ಕೆಜಿಗೆ ಸ್ವಲ್ಪ ಕಮ್ಮಿ. ನಿಮ್ಮಲ್ಲಿ 67 ಕೆಜಿ ಅಂದೆ. ಕೇಳಿ ಎದೆ ಝಲ್ ಅಂದಿತು.

ಒತ್ತಡ ಅಂದರೇನು ಅಂತ ಒಮ್ಮೆ ಸರಿಯಾಗಿ ತಿಳಿದುಕೋ. ಮನೆಯ ಹಂಡೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ನಮ್ಮ ಬಾಯ್ಲರ್‌ನಲ್ಲಿ ಅದೇ ನೀರು ಸುಮಾರು 200 ಡಿಗ್ರಿ ಆದ ಮೇಲೆ ಕುದಿಯೋದು. ನೀರು ಉಗಿಯಾಗಿ ಹೊರಗಿನ ಗಾಳಿಗೆ ಬಂದರೆ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ಬಾಯ್ಲರ್ ಒಡೆದರೆ ಒಳಗಿದ್ದ ಉಗಿ ಒಂದೇ ಅಲ್ಲ, ಅಷ್ಟೂ ಬಿಸಿ ನೀರಿನಲ್ಲಿ ದೊಡ್ಡ ಪಾಲು ಒಂದೇ ಕ್ಷಣದಲ್ಲಿ ಉಗಿಯಾಗಲು ಹೊರಡುತ್ತದೆ. ಮನೆ ಹಾರಿ ಹೋಗೋದು ಅದರಿಂದ.

ಉಗಿ ಸಿಲಿಂಡರಿಗೆ ಹೋಗಿ ಪಿಸ್ಟನ್ ದೂಡುತ್ತದೆ, ವಾಲ್ವ್ ಅದನ್ನು ಒಮ್ಮೆ ಮುಂದಿನಿಂದ ಒಮ್ಮೆ ಹಿಂದಿನಿಂದ ಬಿಡುತ್ತದೆ, ರಾಡು ಚಕ್ರ ತಿರುಗಿಸುತ್ತದೆ. ಇದನ್ನು ನೀನು ಐಟಿಐನಲ್ಲಿ ಓದಿದ್ದೀ, ನಾನು ಕೊರೆಯುವುದಿಲ್ಲ. ಎರಡೂ ಬದಿಯ ಸಿಲಿಂಡರ್ ಸೇರಿ ಚಕ್ರ ಒಂದು ಸುತ್ತು ಬಂದರೆ ನಾಲ್ಕು ಛುಕ್. ವೈಪಿಯ ದೊಡ್ಡ ಚಕ್ರ 4 ಅಡಿ 6 ಇಂಚು. ಸುತ್ತಳತೆ 14 ಅಡಿ ಚಿಲ್ಲರೆ. ಅಂದರೆ ಒಂದು ಛುಕ್‌ಗೆ ಗಾಡಿ ಮೂರೂವರೆ ಅಡಿ ಮುಂದೆ. ನಿನ್ನ ಅವ್ವ ಚಿಕ್ಕವಳಿದ್ದಾಗ ಇದನ್ನು ಎಣಿಸಿ ಎಣಿಸಿ ನನ್ನ ತಲೆ ತಿನ್ನುತ್ತಿದ್ದಳು.

ನನಗೆ ಇವತ್ತಿಗೂ ಬೆರಗು ಹುಟ್ಟಿಸುವುದು ಬೇರೆ ಎರಡು. ಒಂದು ಬ್ಲಾಸ್ಟ್ ಪೈಪ್. ಪಿಸ್ಟನ್ ದೂಡಿ ಸುಸ್ತಾದ ಉಗಿಯನ್ನು ಸುಮ್ನೆ ಬಿಟ್ಟುಬಿಡುವುದಿಲ್ಲ. ಚಿಮಣಿಯ ಕೆಳಗಿನ ಮೂತಿಯಿಂದ ಮೇಲಕ್ಕೆ ಊದುತ್ತಾರೆ. ಅದು ಹೊಗೆಯನ್ನು ಎಳೆದುಕೊಂಡು ಹೋಗುತ್ತದೆ, ಹಿಂದೆ ಬೆಂಕಿಗೆ ಗಾಳಿ ಬೀಸುತ್ತದೆ. ಎಂಜಿನ್ ಎಷ್ಟು ದುಡಿಯುತ್ತದೋ ಅಷ್ಟು ಬೆಂಕಿ ತಾನೇ ಏಳುತ್ತದೆ. ನಿಮ್ಮಲ್ಲಿ ಟರ್ಬೈನ್ ತಿರುಗಿಸಿದ ಉಗಿಯಲ್ಲೇ ಕಬ್ಬಿನ ರಸ ಕಾಯಿಸುತ್ತಾರಲ್ಲ, ಅದೂ ಅದೇ ಜಾಣತನ.

ಇನ್ನೊಂದು ಇಂಜೆಕ್ಟರ್. ಬಾಯ್ಲರ್‌ನ ಉಗಿಯನ್ನೇ ತೆಗೆದು, ಅದರ ವೇಗದಿಂದ ಅದೇ ಬಾಯ್ಲರ್‌ನೊಳಗೆ ನೀರು ನುಗ್ಗಿಸುವ ಹಿತ್ತಾಳೆ ಸಾಧನ. ಪಂಪಿಲ್ಲ, ತಿರುಗುವ ಭಾಗ ಒಂದೂ ಇಲ್ಲ. 1858ರಲ್ಲಿ ಫ್ರಾನ್ಸಿನ ಜಿಫಾರ್ ಎಂಬಾತ ಇದಕ್ಕೆ ಪೇಟೆಂಟ್ ಪಡೆದ. ಆದರೆ ಅದಕ್ಕೆ ತಣ್ಣೀರೇ ಬೇಕು. ನಮ್ಮ ಮೇ ತಿಂಗಳ ಬಿಸಿಲು ನಿನಗೆ ಗೊತ್ತು. ಎಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಟೆಂಡರ್‌ನ ನೀರು ಕಾದರೆ ಇಂಜೆಕ್ಟರ್ ಬಿಕ್ಕಳಿಸಿ ನೀರೆಲ್ಲ ಹಳಿಯ ಮೇಲೆ ಚೆಲ್ಲುತ್ತಿತ್ತು. ಒದ್ದೆ ಗೋಣಿಚೀಲ ಸುತ್ತಿ, ಬೈದು, ಬೇಡಿಕೊಂಡು ಅದನ್ನು ಹಿಡಿಸಬೇಕಾಗುತ್ತಿತ್ತು.

ಯಾಕೆ ಅಷ್ಟು ಬೇಡಿಕೊಳ್ಳುವುದು? ಬೆಂಕಿಪೆಟ್ಟಿಗೆಯ ಮೇಲ್ಛಾವಣಿಗೆ ಕ್ರೌನ್ ಅಂತಾರೆ. ಕೆಳಗೆ ಕಬ್ಬಿಣ ಮೆತ್ತಗಾಗುವಂಥ ಬೆಂಕಿ. ಮೇಲೆ ನೀರು ನಿಂತಿರುವ ತನಕ ಆ ತಗಡಿಗೆ ಏನೂ ಆಗದು. ನೀರು ಸರಿದರೆ ಕೆಲವೇ ನಿಮಿಷ. ನಿನ್ನ ಅಜ್ಜಿ ಹೇಳುತ್ತಾಳಲ್ಲ, ಖಾಲಿ ಪಾತೇಲಿ ಒಲೆಯ ಮೇಲೆ ಇಟ್ಟರೆ ಕಲಾಯಿ ಇಳಿದು ಹೋಗುತ್ತದೆ ಅಂತ. ನೀರಿದ್ದರೆ ದಿನವಿಡೀ ಕುದಿಸಿದರೂ ಕಲಾಯಿ ಇರುತ್ತದೆ. ಅದೇ ಲೆಕ್ಕದಲ್ಲಿ ಕ್ರೌನ್‌ಗೆ ಸೀಸ ತುಂಬಿದ ಪ್ಲಗ್ ಕೂರಿಸಿರುತ್ತಾರೆ. ನೀರು ಇಳಿದರೆ ಮೊದಲು ಸೀಸ ಕರಗಿ ಉಗಿ ಬೆಂಕಿಯ ಮೇಲೆ ಸುರಿಯುತ್ತದೆ. ಅದು ಕಡೆಯ ಕೂಗು. ಅಲ್ಲಿಯ ತನಕ ಬಿಟ್ಟ ಫೈರ್‌ಮನ್ ಶೆಡ್ಡಿನಲ್ಲಿ ತಲೆ ಎತ್ತುವಂತಿರಲಿಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ನಿನ್ನ ಅಜ್ಜಿಗೂ ಪೂರ್ತಿ ಗೊತ್ತಿಲ್ಲ. ಒಂದು ರಾತ್ರಿ ಗೂಡ್ಸ್. ಆಲಮಟ್ಟಿಯ ಕೃಷ್ಣಾ ಸೇತುವೆ ದಾಟಿ ಬಾಗಲಕೋಟೆ ಕಡೆ ಹೊರಟಿದ್ದೆವು. ಬಾಯ್ಲರ್‌ನಲ್ಲಿ ನೀರು ಎಷ್ಟಿದೆ ಅಂತ ತೋರಿಸುವ ಎರಡು ಗೇಜ್ ಗಾಜಿನ ಕೊಳವೆಗಳಲ್ಲಿ ಒಂದು ಸಂಜೆಯೇ ಒಡೆದು ಅದರ ಕಾಕ್, ಅಂದರೆ ನಲ್ಲಿ, ಮುಚ್ಚಿದ್ದೆವು. ಉಳಿದದ್ದರಲ್ಲಿ ನೀರು ಅರ್ಧದ ಮೇಲೆ. ನಾನು ನಿಶ್ಚಿಂತೆಯಿಂದ ಕಲ್ಲಿದ್ದಲು ಎಸೆಯುತ್ತಿದ್ದೆ. ಡ್ರೈವರ್ ವಯಸ್ಸಾದವರು, ಹೆಚ್ಚು ಮಾತಿಲ್ಲ. ಇದ್ದಕ್ಕಿದ್ದಂತೆ ಲಾಟೀನು ಗಾಜಿನ ಹತ್ತಿರ ಹಿಡಿದು ಅಂದರು: "ಏನ್ ನೋಡಾಕತ್ತೀಯೋ? ನೀರು ನಿಂತೈತಿ!"

ಓಡುವ ಎಂಜಿನ್‌ನಲ್ಲಿ ನೀರು ನಿಲ್ಲುವುದಿಲ್ಲ ತಮ್ಮಾ. ಕುಣಿಯುತ್ತದೆ. ಹಳಿಯ ಜೋಡಣೆಗೊಮ್ಮೆ ಏರಿ ಇಳಿಯುತ್ತದೆ. ಆ ಗಾಜಿನಲ್ಲಿ ಅದು ಗೋಡೆಗೆ ಹಚ್ಚಿದ ಗೆರೆಯ ಹಾಗೆ ಅಲುಗಾಡದೆ ನಿಂತಿತ್ತು. ಅವರು ಕೆಳಗಿನ ಡ್ರೇನ್ ತೆರೆದರು, ನೀರಿನ ಕಾಕ್ ತಿರುಗಿಸಿ ಬಾಯ್ಲರ್‌ನ ಒತ್ತಡದಿಂದಲೇ ಊದಿಸಿದರು. ಮೊದಲು ಏನೂ ಬರಲಿಲ್ಲ. ಆಮೇಲೆ ಫಟ್ ಅಂತ, ನೀರಿನ ದಾರಿ ಕಟ್ಟಿದ್ದ ಬಿಳಿ ಸುಣ್ಣದ ಚೂರೊಂದು ಹಾರಿತು. ಡ್ರೇನ್ ಮುಚ್ಚಿದಾಗ ನೀರು ಗಾಜಿನ ತಳದಲ್ಲಿ ಒಂದು ಬೆರಳಷ್ಟೇ ಕಂಡಿತು. ಅಷ್ಟು ಹೊತ್ತು ನಾನು ನೋಡಿದ್ದು ಸುಳ್ಳು ನೀರು. ಕಂಡಿತಲ್ಲ ಅಂತ ಕೂಡಲೇ ಇಂಜೆಕ್ಟರ್ ಬಿಟ್ಟೆವು. ಏನೂ ಕಾಣದಿದ್ದರೆ ನೀರು ಬಿಡಬಾರದು, ಬೆಂಕಿ ತೆಗೆಯಬೇಕು. ಕೆಂಪಗೆ ಕಾದ ತಗಡಿಗೆ ನೀರು ಬಿದ್ದರೆ ಮುಗಿಯಿತು. ಬಾಗಲಕೋಟೆ ಬರುವ ತನಕ ನನ್ನ ಕಾಲು ನಡುಗುತ್ತಲೇ ಇತ್ತು. ಅವರು ಯಾರಿಗೂ ಹೇಳಲಿಲ್ಲ. ಸ್ಟೇಷನ್ನಿನಲ್ಲಿ ಚಹಾ ತರಿಸಿ ಕೊಟ್ಟರು, ಅಷ್ಟೇ.

ನಿಮ್ಮ ಬಾಯ್ಲರ್ ಓಡುವುದಿಲ್ಲ, ನಿಜ. ಆದರೂ ಉಗಿ ಎಳೆಯುತ್ತಿರುವಾಗ ಮಟ್ಟ ಚೂರಾದರೂ ಅಲುಗುತ್ತಲೇ ಇರುತ್ತದೆ. ಸ್ಕ್ರೀನಿನ ಗೆರೆ ನೆಟ್ಟಗೆ ನಿಂತರೆ ಎದ್ದು ಹೋಗು. ನೆಟ್ಟಗೆ ನಿಲ್ಲದಿದ್ದರೂ ಪಾಳಿ ಶುರುವಾದ ಕೂಡಲೇ ಮೇಲೆ ಹತ್ತಿ ಡ್ರಮ್ಮಿನ, ಅಂದರೆ ನೀರು, ಉಗಿ ಸೇರುವ ಪೀಪಾಯಿಯ, ಗಾಜನ್ನು ನಿನ್ನ ಕಣ್ಣಿಂದ ನೋಡಿ ಬಾ. ಹಿಂದಿನ ಪಾಳಿಯವನು "ಎಲ್ಲಾ ಓಕೆ" ಅಂದ ಅಂತ ಪುಸ್ತಕದಲ್ಲಿ ಬರೆಯಬೇಡ. ಗಾಜು ಊದಿಸುವ ಕ್ರಮ ನಿಮ್ಮಲ್ಲಿ ಬೇರೆ ಇರುತ್ತದೆ, ಒತ್ತಡ ಜಾಸ್ತಿ. ಹಿರಿಯ ಅಟೆಂಡೆಂಟ್ ಜೊತೆ ನಿಂತೇ ಕಲಿ. ಗಾಜಿನ ಎದುರು ಮುಖ ಇಡಬೇಡ, ಬದಿಗೆ ನಿಲ್ಲು.

ಇನ್ನೊಂದು. ನನ್ನ ಜೊತೆಯ ಫೈರ್‌ಮನ್ ಒಬ್ಬ ರಿಟೈರ್ ಆದ ಮೇಲೆ ಸಕ್ಕರೆ ಕಾರ್ಖಾನೆ ಸೇರಿದ್ದ. ನಮ್ಮ ಶತ್ರು ಸುಣ್ಣ, ಅವನ ಶತ್ರು ಸಕ್ಕರೆ. ರಸ ಕಾಯಿಸಿ ವಾಪಸ್ ಬರುವ ನೀರಿಗೆ ಎಲ್ಲೋ ಸೋರಿಕೆಯಾಗಿ ಸಕ್ಕರೆ ಬೆರೆತರೆ ಬಾಯ್ಲರ್‌ನಲ್ಲಿ ನೊರೆ ಏಳುತ್ತದೆ, ಮಟ್ಟ ಸುಳ್ಳು ತೋರಿಸುತ್ತದೆ, ನೀರು ಹುಳಿಯಾಗಿ ಕೊಳವೆ ತಿನ್ನುತ್ತದೆ. ಲ್ಯಾಬಿನವರು ನೀರು ನೋಡಿ ಫೋನ್ ಮಾಡಿದರೆ ಊಟ ಬಿಟ್ಟು ಎದ್ದೇಳು. ಅವರ ಜೊತೆ ದೋಸ್ತಿ ಇಟ್ಟುಕೋ.

ಬಾಯ್ಲರ್ ಅಟೆಂಡೆಂಟ್‌ನ ಸೆಕೆಂಡ್ ಕ್ಲಾಸ್ ಸರ್ಟಿಫಿಕೇಟ್ ಪರೀಕ್ಷೆಗೆ ಓದುತ್ತಿದ್ದೀಯಾ? ಪುಸ್ತಕಕ್ಕೆ ದುಡ್ಡು ಬೇಕಾದರೆ ನಿನ್ನ ಅಪ್ಪನನ್ನು ಕೇಳಬೇಡ, ನನಗೆ ಹೇಳು.

ಹಂಗಾಮು ಮುಗಿಯುವ ತನಕ ರಜೆ ಸಿಗೋದು ಕಷ್ಟ ಅಂತ ಗೊತ್ತು. ಆದರೂ ಒಂದು ದಿನ ಬಂದು ಹೋಗು, ಅಜ್ಜಿ ಶೇಂಗಾ ಹೋಳಿಗೆ ಮಾಡುತ್ತಾಳೆ. ಬರುವ ಮೊದಲು ಒಂದು ಕೆಲಸ. ಗಾಜು ಊದಿಸಿ ಡ್ರೇನ್ ಮುಚ್ಚಿದ ಮೇಲೆ ನೀರು ಮತ್ತೆ ತನ್ನ ಮಟ್ಟಕ್ಕೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ, ಎಣಿಸಿಕೊಂಡು ಬಾ. ಬಂದ ಕೂಡಲೇ ಅದನ್ನೇ ಕೇಳುತ್ತೇನೆ.

ನಿನ್ನ ಅಜ್ಜ