ಮಗಳಿಗೊಂದು ಪತ್ರ: ನಾನು ಕಂಡೆ ಅಂದಿದ್ದು

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಅಪರಾಧಶಾಸ್ತ್ರದಲ್ಲಿ ಎಂ.ಎ. ಮಾಡುತ್ತೇನೆ ಅಂದೆ. ಕಳ್ಳರು, ಕೊಲೆಗಾರರ ಸಹವಾಸ ನಿನಗ್ಯಾಕೆ ಅಂತ ನಾನು ರೇಗಿಬಿಟ್ಟೆ. ತಪ್ಪಾಯ್ತು.

ಆದರೆ ನೀನು ಹೇಳಿದ ಆ ಪ್ರಯೋಗ ತಲೆಯಿಂದ ಹೋಗುತ್ತಲೇ ಇಲ್ಲ. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಎಲಿಜಬೆತ್ ಲಾಫ್ಟಸ್, ಜಾನ್ ಪಾಮರ್ ಮಾಡಿದ್ದು. ಎಲ್ಲರಿಗೂ ಕಾರು ಅಪಘಾತದ ಒಂದೇ ಫಿಲ್ಮ್ ತೋರಿಸಿದರು. ಕಾರುಗಳು ‘ಗುದ್ದಿದಾಗ’ ಎಷ್ಟು ಜೋರಾಗಿ ಹೋಗುತ್ತಿದ್ದವು ಅಂತ 50 ಜನರನ್ನು ಕೇಳಿದರು. ಇನ್ನು 50 ಜನರಿಗೆ ‘ಅಪ್ಪಳಿಸಿದಾಗ’ ಅಂತ ಕೇಳಿದರು. ವಾರ ಬಿಟ್ಟು, ಗಾಜು ಒಡೆದಿದ್ದು ನೋಡಿದಿರಾ ಅಂದರೆ ಮೊದಲನೇ ಗುಂಪಿನಲ್ಲಿ 7 ಜನ ಹೌದು ಅಂದರು, ಎರಡನೇ ಗುಂಪಿನಲ್ಲಿ 16 ಜನ. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ ಅಂದೆಯಲ್ಲ, ಆಗ ನನಗೆ ಮಾತೇ ಹೊರಡಲಿಲ್ಲ. ಯಾಕೆ ಅಂತ ಈಗ ಹೇಳುತ್ತೇನೆ.

ನೀನು ಮೂರನೇ ಕ್ಲಾಸು. ಅಡಿಕೆ ಸುಲಿತದ ಕಾಲ. ರಾತ್ರಿ ನಾಯಿ ಬೊಗಳಿತು ಅಂತ ಜಗಲಿಗೆ ಬಂದೆ. ಮಂಜಿನಲ್ಲಿ ಯಾರೋ ಕಂಬಳಿ ಹೊದ್ದು ದಣಪೆ ದಾಟಿ ಹೋದರು. ನಾನು ಕಂಡಿದ್ದು ಬೆನ್ನು ಮತ್ತು ಕಂಬಳಿ, ಅಷ್ಟೇ. ಬೆಳಿಗ್ಗೆ ನೋಡಿದರೆ ಎರಡು ಮೂಟೆ ಅಡಿಕೆ ಇಲ್ಲ. ಅಂಗಳದಲ್ಲಿ ಸೇರಿದವರಲ್ಲಿ ಒಬ್ಬರು, ‘ಕುಂಟುತ್ತಿದ್ದನಲ್ವಾ?’ ಅಂದರು. ಹೌದು ಅಂದೆ. ಸುಳ್ಳು ಹೇಳಿದ್ದಲ್ಲ ಪುಟ್ಟಿ. ಅವರು ಕೇಳಿದ ಕೂಡಲೇ ನನ್ನ ಕಣ್ಣ ಮುಂದೆ ಆ ನೆರಳು ಕುಂಟಿತು. ಪೊಲೀಸರಿಗೂ ಅದನ್ನೇ ಹೇಳಿದೆ.

ಅಡಿಕೆ ಬೇಯಿಸೋ ಹಂಡೆಗೆ ಬೆಂಕಿ ನೋಡಿಕೊಳ್ಳುತ್ತಿದ್ದನಲ್ಲ, ನಿನಗೆ ಕೆಂಡದಲ್ಲಿ ಗೆಣಸು ಸುಟ್ಟು ಕೊಡುತ್ತಿದ್ದವನು, ಅವನ ಕಾಲು ಕುಂಟು ಅಂತ ಅವನನ್ನೇ ಕರೆದುಕೊಂಡು ಹೋದರು. ‘ಮುಖ ನೋಡಿದರೇ ಗೊತ್ತಾಗುತ್ತಿತ್ತು’ ಅಂತ ಊರೆಲ್ಲ ಮಾತು. ಎರಡು ತಿಂಗಳ ಮೇಲೆ ಕದ್ದವನು ಬೇರೆ ಊರಲ್ಲಿ ಸಿಕ್ಕಿಬಿದ್ದ. ಅವನ ಕಾಲು ನೆಟ್ಟಗಿತ್ತು. ನಮ್ಮವನು ಮತ್ತೆ ನಮ್ಮ ಅಂಗಳ ತುಳಿಯಲಿಲ್ಲ.

ಈಗಲೂ ಆ ರಾತ್ರಿ ನೆನೆಸಿಕೊಂಡರೆ ನೆರಳು ಕುಂಟುತ್ತಲೇ ಹೋಗುತ್ತದೆ. ಅವನಲ್ಲ ಅಂತ ಗೊತ್ತಿದ್ದೂ!

ಮುಖದ ಮಾತಿಗೂ ನಿನ್ನ ಓದಿನಲ್ಲಿ ಉತ್ತರ ಇದೆ. 1876ರಲ್ಲಿ ಇಟಲಿಯ ಲೊಂಬ್ರೊಸೊ ಎನ್ನುವ ಡಾಕ್ಟರು ತಲೆಬುರುಡೆ ಅಳೆದು, ಕೆಲವರು ಹುಟ್ಟುತ್ತಲೇ ಅಪರಾಧಿಗಳು ಅಂತ ಬರೆದ. 1913ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಗೋರಿಂಗ್ ಸುಮಾರು 3000 ಕೈದಿಗಳನ್ನು ಅಳೆದು ಹಾಗೇನೂ ಇಲ್ಲ ಅಂತ ತೋರಿಸಿದ. ನಮ್ಮಲ್ಲೂ ಬ್ರಿಟಿಷರು 1871ರಲ್ಲಿ ಕಾನೂನು ಮಾಡಿ ಇಡೀ ಇಡೀ ಜನಾಂಗಗಳಿಗೇ ಕಳ್ಳರ ಪಟ್ಟ ಕಟ್ಟಿದರು. ಅದು ಹೋಗಿದ್ದು 1952ರಲ್ಲಿ. ನಮ್ಮ ಬಾಯಿಂದ ಮಾತ್ರ ಇನ್ನೂ ಹೋಗಿಲ್ಲ.

ಓದು ಪುಟ್ಟಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೋ, ಗುಜರಾತಿನ ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯವೋ, ನೀನೇ ನೋಡು. ಧಾರವಾಡ ಹತ್ತಿರ ಅಂತ ಅಮ್ಮನಿಗೆ ಆಸೆ. ನನ್ನ ಒತ್ತಾಯ ಇಲ್ಲ. ಈ ಸಲದ ಅಡಿಕೆ ದುಡ್ಡು ನಿನ್ನ ಫೀಸಿಗೆ ಅಂತ ಎತ್ತಿಟ್ಟಿದ್ದೇನೆ.

ದೀಪಾವಳಿಗೆ ಬರುತ್ತೀಯಲ್ಲ, ಆಗ ಒಂದು ಸಲ ಅವನ ಮನೆಗೆ ಹೋಗಿ ಬರೋಣ. ಮಾತು ನಾನೇ ಆಡುತ್ತೇನೆ. ನೀನು ಪಕ್ಕದಲ್ಲಿ ಇದ್ದರೆ ಸಾಕು.

ನಿನ್ನ ಅಪ್ಪಯ್ಯ