ಕೇಳದವರಿಗೆ ಹೇಳಬೇಡ ಅಂತಾನೆ ಕೃಷ್ಣ

ಬಂಗಾರೀ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಸಾಲು. ಒಲೆ ಮೇಲೆ ಹಾಲಿತ್ತು, "ಆಮೇಲೆ ಹೇಳ್ತೀನಿ" ಅಂತ ಇಟ್ಟುಬಿಟ್ಟೆ. ಹಾಲೂ ಉಕ್ಕಿತು, ಉತ್ತರವೂ ಬಾಕಿ ಉಳಿಯಿತು.

"ಹೋಗಿ ಎಲ್ಲರಿಗೂ ಧರ್ಮ ಸಾರಿರಿ ಅಂತ ನಮ್ಮ ಗ್ರಂಥದಲ್ಲೇ ಇದೆ, ನಿಮ್ಮದರಲ್ಲಿ ಇಲ್ವಾ?" ಅಂತ ನಿನ್ನ ರೂಮಿನ ಹುಡುಗಿ ಕೇಳಿದಳು ಅಂದೆಯಲ್ಲ. ಕಾಕತಾಳೀಯ ನೋಡು, ಅದೇ ದಿನ ನಿನ್ನ ಮಾವ ಮನೆ ಗ್ರೂಪಿಗೆ "ಕೃಣ್ವಂತೋ ವಿಶ್ವಮಾರ್ಯಮ್" ಅಂತ ಕಳಿಸಿದ್ದ. ಜಗತ್ತನ್ನೆಲ್ಲ ಆರ್ಯ, ಅಂದರೆ ಶ್ರೇಷ್ಠವಾಗಿಸಿ ಅಂತ ವೇದವೇ ಅಪ್ಪಣೆ ಕೊಟ್ಟಿದೆ ಅಂತ ಅವನ ವಾದ. ಮೂವತ್ತು ಜನ ಕೈ ಮುಗಿದರು. ಯಾರೂ ತೆಗೆದು ನೋಡಲಿಲ್ಲ.

ನಾನು ನೋಡಿದೆ. ಋಗ್ವೇದದ 9ನೇ ಮಂಡಲ, 63ನೇ ಸೂಕ್ತ. ಆ ಮಂಡಲ ಪೂರ್ತಿ ಸೋಮರಸದ ಹಾಡು. ಅಲ್ಲಿ ಜಗತ್ತನ್ನು ಆರ್ಯವಾಗಿಸುತ್ತಾ ಹರಿಯುವುದು ಹಿಂಡಿದ ಸೋಮದ ಹನಿಗಳು. ಆರ್ಯ ಸಮಾಜದವರು ಅದನ್ನು ತಮ್ಮ ಧ್ಯೇಯವಾಕ್ಯ ಮಾಡಿಕೊಂಡ ಮೇಲೆ ಹನಿಗಳ ಕೆಲಸ ಮನುಷ್ಯರ ಹೆಗಲಿಗೆ ಬಂತು. ಆ ಸಮಾಜ ಕಟ್ಟಿದ ದಯಾನಂದರು ಇನ್ನೊಂದು ಮಂತ್ರವನ್ನೂ ಎತ್ತಿ ಹಿಡಿದರು, ಯಜುರ್ವೇದದ್ದು: "ಈ ಕಲ್ಯಾಣದ ಮಾತನ್ನು ಎಲ್ಲ ಜನರಿಗೂ ಹೇಳುತ್ತೇನೆ" ಅಂತ. ಅದರಲ್ಲಿ ಶೂದ್ರರ ಹೆಸರೂ ಇದೆ. ನನ್ನ ಲೆಕ್ಕದಲ್ಲಿ ಮಾವ ಕಳಿಸಬೇಕಾಗಿದ್ದು ಇದನ್ನು. ಯಾಕೆ ಕಳಿಸಲಿಲ್ಲ ಅಂತ ನಾನು ಕೇಳಲು ಹೋಗುವುದಿಲ್ಲ.

ಇನ್ನು ಗೀತೆ. ಕೊನೆಯ ಅಧ್ಯಾಯದಲ್ಲಿ, ಎಲ್ಲ ಹೇಳಿ ಮುಗಿಸುವಾಗ ಕೃಷ್ಣ ಒಂದು ಷರತ್ತು ಹಾಕುತ್ತಾನೆ. ತಪಸ್ಸಿಲ್ಲದವನಿಗೆ, ಭಕ್ತಿಯಿಲ್ಲದವನಿಗೆ, ಕೇಳುವ ಮನಸ್ಸಿಲ್ಲದವನಿಗೆ, ನನ್ನನ್ನು ಹಳಿಯುವವನಿಗೆ ಇದನ್ನು ಹೇಳಬೇಡ. ಮರು ಎರಡು ಶ್ಲೋಕಗಳಲ್ಲೇ, ನನ್ನ ಭಕ್ತರಿಗೆ ಇದನ್ನು ಹೇಳುವವನು ನನ್ನನ್ನೇ ಸೇರುತ್ತಾನೆ, ಅವನಿಗಿಂತ ಪ್ರಿಯ ಯಾರೂ ಇಲ್ಲ ಅಂತಾನೆ. ಒಬ್ಬರು ಮೊದಲನೆಯದನ್ನು ಹಿಡಿದು ಸುಮ್ಮನೆ ಕೂರುತ್ತಾರೆ. ಇನ್ನೊಬ್ಬರು ಎರಡನೆಯದನ್ನು ಹಿಡಿದು ರೈಲ್ವೆ ಸ್ಟೇಷನ್ನಿನಲ್ಲಿ ಪುಸ್ತಕ ಹಂಚುತ್ತಾರೆ. ಇಸ್ಕಾನಿನವರು 1966ರಲ್ಲಿ ನ್ಯೂಯಾರ್ಕಿನಲ್ಲೇ ಶುರು ಮಾಡಿದರಲ್ಲ, ಅವರಿಗೆ ಆ ಎರಡನೆಯ ಮಾತೇ ಆಧಾರ.

ನನಗೆ ಇಷ್ಟವಾಗುವುದು ಮಾತ್ರ ಪ್ರಶ್ನೋಪನಿಷತ್ತಿನ ಋಷಿ ಪಿಪ್ಪಲಾದ. ಕಲಿಯಲು ಬಂದ ಆರು ಜನ ಶಿಷ್ಯರ ಹಾಗೆ ಕೈಯಲ್ಲಿ ಸೌದೆ ಹಿಡಿದು ಅವನ ಮುಂದೆ ನಿಂತರು. "ಇನ್ನೊಂದು ವರ್ಷ ಇಲ್ಲೇ ಇರಿ. ಆಮೇಲೆ ಬೇಕಾದ್ದು ಕೇಳಿ. ನಮಗೆ ಗೊತ್ತಿದ್ದರೆ ಹೇಳುತ್ತೇವೆ" ಅಂದ. ಗೊತ್ತಿದ್ದರೆ! ಮೈಕು ಹಿಡಿದವರ ಬಾಯಲ್ಲಿ ಆ ಮಾತು ಎಂದಾದರೂ ಕೇಳಿದ್ದೀಯಾ?

ಹಾಗಂತ ನಮ್ಮವರು ಯಾವತ್ತೂ ಯಾರನ್ನೂ ಸೇರಿಸಿಕೊಳ್ಳಲಿಲ್ಲ ಅಂತ ಆ ಹುಡುಗಿಗೆ ಹೇಳಬೇಡ, ಸುಳ್ಳಾಗುತ್ತದೆ. ಮಧ್ಯಪ್ರದೇಶದ ವಿದಿಶೆಯ ಹತ್ತಿರ ಹೆಲಿಯೋಡೋರಸ್ ಅನ್ನುವ ಗ್ರೀಕ್ ರಾಯಭಾರಿ ವಾಸುದೇವನಿಗೆ ಗರುಡಗಂಬ ನಿಲ್ಲಿಸಿದ್ದಾನೆ, ಕ್ರಿಸ್ತನಿಗಿಂತ ಸುಮಾರು ನೂರು ವರ್ಷ ಮೊದಲು. ತನ್ನನ್ನು ಭಾಗವತ, ಅಂದರೆ ವಾಸುದೇವನ ಭಕ್ತ, ಅಂತಲೇ ಕರೆದುಕೊಂಡಿದ್ದಾನೆ. ಗುರು ಗುಟ್ಟಾಗಿ ಕೊಟ್ಟ ಮಂತ್ರವನ್ನು ರಾಮಾನುಜರು ಗೋಪುರ ಹತ್ತಿ ಕೂಗಿದರು ಅನ್ನುವ ಕಥೆ ನಿನಗೆ ಗೊತ್ತೇ ಇದೆ. ಜೈನನಾಗಿದ್ದ ಹೊಯ್ಸಳ ಬಿಟ್ಟಿದೇವ ಅವರಿಂದಲೇ ವಿಷ್ಣುವರ್ಧನನಾದ ಅಂತ ಸಂಪ್ರದಾಯ ಹೇಳುತ್ತದೆ. ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು. ಒಂದೇ ಅರಮನೆ, ಎರಡು ಪೂಜೆ.

ಎಲ್ಲ ಕಡೆ ಅಷ್ಟು ಸಮಾಧಾನ ಇರಲಿಲ್ಲ. ನೀನು ಐದನೇ ಕ್ಲಾಸಿನಲ್ಲಿದ್ದಾಗ ಹಾವೇರಿ ಜಿಲ್ಲೆಯ ಅಬ್ಬಲೂರಿಗೆ ಹೋಗಿದ್ದೆವು, ನೆನಪಿದೆಯಾ? ಸೋಮೇಶ್ವರ ಗುಡಿಯ ಶಾಸನದ ಮುಂದೆ ನಿಲ್ಲಿಸಿ ಶಿವಭಕ್ತ ಏಕಾಂತದ ರಾಮಯ್ಯನ ಕಥೆ ಹೇಳಿದ್ದೆ. ಜೈನರೊಂದಿಗೆ ಪಣ ಕಟ್ಟಿ ತಲೆ ಕಡಿದುಕೊಂಡ, ಏಳು ದಿನದ ಮೇಲೆ ಶಿವ ಅದನ್ನು ವಾಪಸ್ ಕೊಟ್ಟ, ಆಮೇಲೆ ರಾಮಯ್ಯ ಜಿನನನ್ನು ಕಿತ್ತು ಹಾಕಿದ, ರಾಜ ಬಿಜ್ಜಳ ಜಯಪತ್ರ ಬರೆದುಕೊಟ್ಟ. ನೀನು ಕಲ್ಲಿನ ಮೇಲೆ ಬೆರಳಿಟ್ಟು "ತಲೆ ಹೇಗೆ ಅಂಟಿತು ಅವ್ವಾ?" ಅಂತ ಕೇಳಿದೆ. ನಾನು ನಕ್ಕೆ. ಆದರೆ ಅಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಆ ಬಸದಿಗೆ ದಿನಾ ಹೋಗುತ್ತಿದ್ದ ಮುದುಕಿ ಮರುದಿನ ಬೆಳಿಗ್ಗೆ ಎಲ್ಲಿಗೆ ಹೋದಳು? ಶಾಸನ ಅದನ್ನು ಬರೆಯಲಿಲ್ಲ. ಇಪ್ಪತ್ತೈದು ವರ್ಷ ಪಾಠ ಹೇಳಿದ ನಾನೂ ಅದನ್ನು ಯಾವ ಕ್ಲಾಸಿನಲ್ಲೂ ಕೇಳಲಿಲ್ಲ.

ಹೊರಗಿನವರನ್ನು ಒಳಗೆ ತರುವ ವಿಧಿಯೂ ಶಾಸ್ತ್ರದಲ್ಲಿದೆ. ವ್ರಾತ್ಯರನ್ನು, ಅಂದರೆ ವೇದದ ಕಟ್ಟಳೆಯ ಹೊರಗಿದ್ದವರನ್ನು, ಸೇರಿಸಿಕೊಳ್ಳುವ ಯಜ್ಞ ಇದೆ. ಬಲವಂತಕ್ಕೆ ಸಿಕ್ಕಿ ಧರ್ಮದ ಹೊರಗೆ ಹೋದವರನ್ನು ಶುದ್ಧಿ ಮಾಡಿ ವಾಪಸ್ ಕರೆದುಕೊಳ್ಳುವ ಕ್ರಮ ದೇವಲ ಸ್ಮೃತಿಯಲ್ಲಿದೆ. ಬಾಗಿಲು ಇತ್ತು. ಒಳಗೆ ಬಂದವನನ್ನು ಎಲ್ಲಿ ಕೂರಿಸುವುದು ಅನ್ನುವುದೇ ತೊಡಕು. ಅಂಬೇಡ್ಕರ್ 1936ರಲ್ಲೇ ಇದನ್ನು ಹಿಡಿದು ಕೇಳಿದರು: ಹಿಂದೂ ಧರ್ಮ ಒಂದು ಕಾಲಕ್ಕೆ ಪ್ರಚಾರದ ಧರ್ಮವೇ ಆಗಿತ್ತು, ಜಾತಿ ಗಟ್ಟಿಯಾದ ಮೇಲೆ ನಿಂತುಹೋಯಿತು, ಹೊಸದಾಗಿ ಬಂದವನನ್ನು ಯಾವ ಜಾತಿಗೆ ಹಾಕುತ್ತೀರಿ?

ನಾನು ಕಣ್ಣಾರೆ ಕಂಡಿದ್ದೇನೆ. ಕೆಲಸಕ್ಕಿದ್ದ ಒಂದು ಊರಿನಲ್ಲಿ, ಬೇರೆ ಧರ್ಮಕ್ಕೆ ಹೋಗಿದ್ದ ಒಂದು ಮನೆಯವರನ್ನು ಹೋಮ ಮಾಡಿ ವಾಪಸ್ ಕರೆದುಕೊಂಡರು. ಚೆಂಡುಹೂವಿನ ಹಾರ, ಶಾಲು, ಫೋಟೋ. ಆ ತಾಯಿ ಹೊಸ ಸೀರೆಯ ಮಡಿಕೆ ಕೂಡ ಬಿಡಿಸದೆ ಉಟ್ಟಿದ್ದರು. ವರ್ಷದೊಳಗೆ ಮಗಳಿಗೆ ಗಂಡು ನೋಡಲು ಹೊರಟರು. ಹಾರ ಹಾಕಿದ ಹಿರಿಯರನ್ನೇ ಮೊದಲು ಕೇಳಿದರು. ಅವರು ಕಾಫಿ ಕೊಟ್ಟು, "ಅದೆಲ್ಲ ಸರಿ, ನೀವು ಮೊದಲು ಯಾವ ಪೈಕಿ ಇದ್ರಿ?" ಅಂದರಂತೆ. ಆ ತಾಯಿ ನನ್ನ ಸ್ಟಾಫ್ ರೂಮಿಗೆ ಬಂದು ಅತ್ತರು. ನಾನು ನೀರು ಕೊಟ್ಟೆ. ಬೇರೇನೂ ಮಾಡಲಿಲ್ಲ, ಅದು ಈಗಲೂ ಚುಚ್ಚುತ್ತದೆ.

ಶರಣರು ಈ ಪ್ರಶ್ನೆಗೆ ಮದುವೆಯಿಂದಲೇ ಉತ್ತರ ಕೊಟ್ಟರು. ಬ್ರಾಹ್ಮಣ ಮಧುವರಸನ ಮಗಳನ್ನು ಸಮಗಾರ ಹರಳಯ್ಯನ ಮಗನಿಗೆ ಕೊಟ್ಟರು. ಕಲ್ಯಾಣದಲ್ಲಿ ಏನಾಯಿತು ಅಂತ ನಿನಗೆ ಗೊತ್ತು. ಶರಣರು ಹಿಂದೂಗಳಾ ಅನ್ನುವ ಜಗಳ ಬೇರೆ ಇದೆ, ಅದನ್ನು ಇಲ್ಲಿ ಎಳೆಯಬೇಡ, ನಿನ್ನ ಮಾವನೂ ಪತ್ರ ಓದುತ್ತಾನೆ.

ಅದಕ್ಕೇ ಆ ಹುಡುಗಿಗೆ "ನಮ್ಮದರಲ್ಲಿ ಪ್ರಚಾರ ಇಲ್ಲ, ನಾವು ಉದಾರಿಗಳು" ಅಂತ ಎದೆ ಉಬ್ಬಿಸಿ ಹೇಳಬೇಡ. ಕೇಳಿದವರಿಗೆ ಹೇಳು ಅಂತ ಗ್ರಂಥ ಹೇಳುತ್ತದೆ, ಅವಳು ಕೇಳಿದ್ದಾಳೆ. ಗೊತ್ತಿದ್ದಷ್ಟು ಹೇಳು. ಅವಳ ಪ್ರಾರ್ಥನೆಗೆ ಹೋಗಬೇಕು ಅನಿಸಿದರೆ ಹೋಗು. ಬೇಡ ಅನಿಸಿದರೆ ಬೇಡ ಅನ್ನು, ತಲೆನೋವು ಅಂತ ನೆಪ ಹೇಳಬೇಡ.

ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಬಸ್ಸಿಗೆ ಹಾಕಿದ್ದೇನೆ. ಎರಡು ಕಟ್ಟು ಇವೆ, ಒಂದು ಅವಳಿಗೆ. ಬ್ಯಾಡಗಿ ಮೆಣಸಿನಕಾಯಿಯ ಜೊತೆ ಗುಂಟೂರಿನದೂ ಸ್ವಲ್ಪ ಜಾಸ್ತಿಯೇ ಬಿದ್ದಿದೆ, ಮೊದಲೇ ಹೇಳಿಬಿಡು.

ನಿನ್ನ ಅವ್ವ